ಹೊಸ ಮ್ಯಾನೇಜರ್‌ಗೆ ಒಂದು ಪತ್ರ

ಪ್ರೀತಿಯ ಮಗಳೇ,

ಶಾಖೆಯ ಮ್ಯಾನೇಜರ್ ಆಗಿ ಚಾರ್ಜ್ ತೆಗೆದುಕೊಂಡಿದ್ದೀಯ. ತುಂಬ ಸಂತೋಷ. ಇನ್ನು ಮೇಲೆ ನಿನ್ನ ಮಾತಿಗೆಲ್ಲ ‘ಹೌದು ಮೇಡಂ’ ಅನ್ನುತ್ತಾರೆ. ಬ್ಯಾಂಕಿನಲ್ಲೇ ಕೂದಲು ನೆರೆಸಿದ ನನಗೆ ಆ ‘ಹೌದು’ಗಳ ಬಗ್ಗೆ ನಿನಗೆ ಹೇಳುವುದಿದೆ.

ಮೊದಲು ಒಂದು ಹಳೆಯ ಘಟನೆ ಕೇಳು. 1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಕವಿದಿತ್ತು. ಕೆಎಲ್‌ಎಂ ಜಂಬೋ ವಿಮಾನದ ಕ್ಯಾಪ್ಟನ್ ವಾನ್ ಝಾಂಟೆನ್, ಆ ಕಂಪನಿಯ ಪೈಲಟ್‌ಗಳಿಗೆ ತರಬೇತಿ ಕೊಡುತ್ತಿದ್ದ ಹಿರಿಯರು. ಪಕ್ಕದಲ್ಲಿದ್ದ ಸಹಪೈಲಟ್‌ನನ್ನು ಪರೀಕ್ಷಿಸಿ ಪಾಸು ಮಾಡಿದವರೂ ಅವರೇ. ತಡವಾಗಿತ್ತು, ಸಿಬ್ಬಂದಿಯ ಡ್ಯೂಟಿ ಅವಧಿ ಮೀರುವ ಆತಂಕ ಬೇರೆ. ಕ್ಯಾಪ್ಟನ್ ಹೊರಡಲು ಅಣಿಯಾದಾಗ, ಇನ್ನೂ ಅನುಮತಿ ಬಂದಿಲ್ಲ ಎಂದು ಸಹಪೈಲಟ್ ತಡೆದ. ಆಮೇಲೆ ಹಾರಬೇಕಾದ ದಾರಿಯ ವಿವರ ಬಂತು, ಹೊರಡುವ ಅಪ್ಪಣೆ ಬರಲಿಲ್ಲ. ಕ್ಯಾಪ್ಟನ್ ಹೊರಟೇಬಿಟ್ಟರು. ಈ ಸಲ ಸಹಪೈಲಟ್ ತಡೆಯಲಿಲ್ಲ. ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್, ರನ್‌ವೇ ಮೇಲಿದ್ದ ಪ್ಯಾನ್ ಅಮೆರಿಕನ್ ವಿಮಾನ ಇನ್ನೂ ಸರಿದಿಲ್ಲವೇ ಎಂದು ಕೇಳಿದ. ಸರಿದಿದೆ ಎಂದು ಕ್ಯಾಪ್ಟನ್‌ರಿಂದ ಗಟ್ಟಿಯಾಗಿ ಉತ್ತರ ಬಂತು. ಅವನು ಸುಮ್ಮನಾದ. ಎರಡೂ ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು.

ಮಂಜು, ರೇಡಿಯೊದ ಗೊಂದಲ, ಕಾರಣಗಳು ಹಲವಿದ್ದವು. ನನ್ನನ್ನು ಇಂದಿಗೂ ಕಾಡುವುದು ಆ ಎಂಜಿನಿಯರ್‌ನ ಮಾತು. ಪ್ರಾಣ ಹೋಗುವ ಹೊತ್ತಿನಲ್ಲೂ ‘ನಿಲ್ಲಿಸಿ’ ಅನ್ನಲಾಗದೆ ಪ್ರಶ್ನೆ ಕೇಳಿದ. ಕ್ಯಾಪ್ಟನ್ ಗದರಬೇಕಾಗಿಯೇ ಬರಲಿಲ್ಲ, ಅವರ ಸ್ಥಾನದ ಭಾರವೇ ಸಾಕಾಯಿತು. ಇಂಥ ದುರಂತಗಳ ನಂತರವೇ ವಿಮಾನಯಾನ ಸಂಸ್ಥೆಗಳು, ಕಿರಿಯರು ಎಚ್ಚರಿಸುವುದನ್ನೂ ಹಿರಿಯರು ಕೇಳಿಸಿಕೊಳ್ಳುವುದನ್ನೂ ತರಬೇತಿಯ ಪಾಠವಾಗಿಸಿದವು.

ನಿನ್ನ ಶಾಖೆಯಲ್ಲೂ ಎಚ್ಚರಿಕೆ ಹೀಗೆಯೇ ಮೆತ್ತಗೆ ಬರುತ್ತದೆ. ‘ಮೇಡಂ, ಆ ಪಾರ್ಟಿಯ ಗೋಡೌನ್ ಇನ್ನೊಮ್ಮೆ ನೋಡಿ ಬರಬಹುದಿತ್ತೇನೋ’ ಎಂದು ಗುಮಾಸ್ತ ಗೊಣಗುತ್ತಾನೆ. ಮಾರ್ಚ್ ಕೊನೆ, ಟಾರ್ಗೆಟ್ ಕತ್ತಿನ ಮೇಲೆ, ಸಾಲ ಮಂಜೂರು ಮಾಡುವ ಆತುರ ನಿನಗೆ. ಪೆನ್ನು ಕೆಳಗಿಡು. ಅವನನ್ನು ಕೂರಿಸಿ, ಯಾಕೆ ಹಾಗೆ ಅನ್ನಿಸಿತು ಎಂದು ಕೇಳು, ಅವನೆದುರೇ ಫೈಲು ತೆರೆ. ಅವನ ಅನುಮಾನ ಸುಳ್ಳಾದರೂ ಮುಖ ಸಿಂಡರಿಸಬೇಡ. ಮಿಕ್ಕವರು ಹೊರಗಿನಿಂದ ನಿನ್ನ ಮುಖವನ್ನೇ ನೋಡುತ್ತಿರುತ್ತಾರೆ. ಮೀಟಿಂಗಿನಲ್ಲಿ ಕಿರಿಯರು ಮೊದಲು ಮಾತಾಡಲಿ, ನಿನ್ನ ಅಭಿಪ್ರಾಯ ಕೊನೆಗೆ ಬರಲಿ. ನೀನು ಮೊದಲು ಬಾಯಿ ಬಿಟ್ಟರೆ ಉಳಿದದ್ದೆಲ್ಲ ಅದರ ಪ್ರತಿಧ್ವನಿ.

ಆ ಸಾಲ ನಿಲ್ಲಿಸಿದ್ದಕ್ಕೆ ರೀಜನಲ್ ಆಫೀಸಿನಿಂದ ಫೋನ್ ಬರುತ್ತದೆ. ಉತ್ತರ ನೀನೇ ಕೊಡು. ಗುಮಾಸ್ತನ ಹೆಸರು ಅಲ್ಲಿ ಎತ್ತಬೇಡ.

ಆಶೀರ್ವಾದಗಳು.