ಕಳ್ಳನು ಒಳಗೆ ಬರುವ ದಾರಿಗಳು: ಸದಸ್ಯರಿಗೊಂದು ಪಾಠ

‘ಕನ್ನ’ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಮಣ್ಣಿನ ಗೋಡೆಯನ್ನು ಕೊರೆದು, ಆ ರಂಧ್ರದಲ್ಲಿ ನುಸುಳಿ ಮನೆಯೊಳಗೆ ಹೋಗುವುದೇ ಕನ್ನ. ಇಂದು ದಾವಣಗೆರೆಯ ಹೊಸ ಬಡಾವಣೆಗಳಲ್ಲಾಗಲಿ, ಹರಿಹರದ ಹಳೆಯ ಪೇಟೆಯಲ್ಲಾಗಲಿ ಗೋಡೆ ಕೊರೆಯುವ ಶ್ರಮ ಕಳ್ಳನಿಗೆ ಬೇಕಾಗುವುದಿಲ್ಲ. ರಂಧ್ರಗಳನ್ನು ನಾವೇ ಮಾಡಿಟ್ಟಿದ್ದೇವೆ. ಅವುಗಳಿಗೆ ಬಾಗಿಲು, ಕಿಟಕಿ, ಬೆಳಕಿಂಡಿ ಎಂದು ಹೆಸರು. ಅವುಗಳಲ್ಲಿ ಯಾವುದನ್ನು ನಾವು ಭದ್ರಪಡಿಸಿಲ್ಲ ಎಂಬುದನ್ನು ಕಂಡುಹಿಡಿಯುವುದಷ್ಟೇ ಅವನ ಕೆಲಸ.

ಬೆಳೆಗಾರರ ಪತ್ರಿಕೆಯಲ್ಲಿ ಈ ಪಾಠವೇಕೆ ಎಂದು ಕೆಲವರು ಕೇಳಬಹುದು. ಅಡಿಕೆ ಸುಗ್ಗಿಯಲ್ಲಿ ನಮ್ಮ ಮನೆಗಳಲ್ಲಿ ಒಣಗಿದ ಅಡಿಕೆಯ ಮೂಟೆಗಳಿರುತ್ತವೆ, ಕೂಲಿ ಬಟವಾಡೆಗೆ ತಂದ ಹಣವಿರುತ್ತದೆ, ಮದುವೆಗೆಂದು ಮಾಡಿಸಿದ ಚಿನ್ನವಿರುತ್ತದೆ. ಮಕ್ಕಳ ಓದಿಗಾಗಿ ಪಟ್ಟಣದಲ್ಲಿ ಮನೆ ಮಾಡಿದವರು ಕೊಯ್ಲಿನ ಕಾಲದಲ್ಲಿ ಆ ಮನೆಗೆ ಬೀಗ ಹಾಕಿ ತೋಟ ಸೇರುತ್ತಾರೆ. ಕಾಫಿ ಹಣ್ಣು ಕೊಯ್ಯುವ ತಿಂಗಳುಗಳೇ ಪಟ್ಟಣದ ಮನೆ ಖಾಲಿ ಬೀಳುವ ತಿಂಗಳುಗಳು. ಆದ್ದರಿಂದ ಈ ವಿಷಯ ನಮ್ಮದೇ.

ನ್ಯಾಮತಿಯ ಕಿಟಕಿ

ದಾವಣಗೆರೆ ಜಿಲ್ಲೆಯ ಅಡಿಕೆ ಸೀಮೆಯಾದ ನ್ಯಾಮತಿಯಲ್ಲಿ ನಡೆದುದನ್ನು ಮೊದಲು ನೋಡೋಣ. ೨೦೨೪ರ ಅಕ್ಟೋಬರ್ ೨೮ರಂದು ಅಲ್ಲಿಯ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಕಳವಾಗಿರುವುದು ಬೆಳಕಿಗೆ ಬಂದಿತು. ಸುಮಾರು ೧೭ ಕಿಲೋಗ್ರಾಂಗೂ ಹೆಚ್ಚು ತೂಕದ, ಸುಮಾರು ೧೩ ಕೋಟಿ ರೂಪಾಯಿ ಬೆಲೆಯ ಗಿರವಿ ಚಿನ್ನ ಹೋಗಿತ್ತು. ಗಿರವಿ ಚಿನ್ನವೆಂದರೆ ಗೊಬ್ಬರಕ್ಕೆ, ಕೊಳವೆ ಬಾವಿಗೆ, ಮಗಳ ಮದುವೆಗೆ ಎಂದು ಸಾಲ ಮಾಡಿದ ಕುಟುಂಬಗಳ ಬಳೆ, ಸರ, ಓಲೆಗಳು.

ಕಳ್ಳರು ಮುಂಬಾಗಿಲಿನಿಂದ ಬರಲಿಲ್ಲ. ಕಿಟಕಿಯ ಕಬ್ಬಿಣದ ಸರಳುಗಳನ್ನು ತೆಗೆದು ಒಳಗೆ ಇಳಿದರು, ಗ್ಯಾಸ್ ಕಟರಿನಿಂದ ಲಾಕರ್ ಕೊರೆದರು, ಕ್ಯಾಮೆರಾದ ಚಿತ್ರಗಳು ಶೇಖರವಾಗುವ ಪೆಟ್ಟಿಗೆಯನ್ನೂ ಹೊತ್ತೊಯ್ದರು, ಹೋಗುವಾಗ ಖಾರದ ಪುಡಿ ಚೆಲ್ಲಿದರು. ೨೦೨೫ರ ಮಾರ್ಚಿಯಲ್ಲಿ ಪೊಲೀಸರು ಆರು ಮಂದಿಯನ್ನು ಬಂಧಿಸಿದರು. ಚಿನ್ನದ ಬಹುಪಾಲು ತಮಿಳುನಾಡಿನ ಮಧುರೆ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಬಾವಿಯೊಂದರಲ್ಲಿ ಸಿಕ್ಕಿತು. ಪೊಲೀಸರು ತಿಳಿಸಿದಂತೆ ಆರೋಪಿಗಳಲ್ಲಿ ಮುಖ್ಯನಾದವನು ಅದೇ ಊರಿನಲ್ಲಿ ಸಿಹಿತಿಂಡಿ ವ್ಯಾಪಾರ ಮಾಡಿಕೊಂಡಿದ್ದವನು.

ಇದರಿಂದ ಕಲಿಯಬೇಕಾದ ಪಾಠಗಳು ಮೂರು. ಲಾಕರ್ ಎಷ್ಟೇ ಗಟ್ಟಿಯಿರಲಿ, ಕಟ್ಟಡದ ಬಲ ಅದರ ಅತ್ಯಂತ ದುರ್ಬಲವಾದ ಕಿಟಕಿಯಷ್ಟೇ. ಕ್ಯಾಮೆರಾ ಕಳ್ಳನನ್ನು ನೋಡುತ್ತದೆಯೇ ಹೊರತು ತಡೆಯುವುದಿಲ್ಲ. ನಮ್ಮ ದಿನಚರಿಯನ್ನು ಬಲ್ಲವನು ದೂರದವನೇ ಆಗಿರಬೇಕೆಂದಿಲ್ಲ.

ಇದು ಹೊಸ ಪಾಠವೇನೂ ಅಲ್ಲ. ನೆರೆಯ ಚಿತ್ರದುರ್ಗದ ಕೋಟೆಯ ಸುತ್ತುಗಳನ್ನೂ ಹೆಬ್ಬಾಗಿಲುಗಳನ್ನೂ ನೋಡಿದವರಿಗೆ ಒನಕೆ ಓಬವ್ವನ ಕಿಂಡಿಯ ಕಥೆ ಗೊತ್ತೇ ಇದೆ. ಹೈದರಾಲಿಯ ಸೈನಿಕರು ಹುಡುಕಿಕೊಂಡದ್ದು ಬಾಗಿಲನ್ನಲ್ಲ, ಬಂಡೆಗಳ ನಡುವಿನ ಸಂದನ್ನು. ‘ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆಯಲ್ಲಿಯೂ ಮರೆತುಹೋದದ್ದು ಹೆಬ್ಬಾಗಿಲಲ್ಲ, ದಿಡ್ಡಿ.

ಕಾನೂನು ಎಣಿಸಿರುವ ದಾರಿಗಳು

೧೮೬೦ರ ಭಾರತೀಯ ದಂಡ ಸಂಹಿತೆಯು ಮನೆಗೆ ಕನ್ನ ಹಾಕುವುದೆಂದರೆ ಏನೆಂದು ವಿವರಿಸುವಾಗ ಕೆಲವು ನಿದರ್ಶನಗಳನ್ನು ಕೊಟ್ಟಿತ್ತು. ಕಿಟಕಿಯಿಂದ ಒಳಗೆ ಬರುವುದು, ಬಾಗಿಲಿನ ರಂಧ್ರದಲ್ಲಿ ತಂತಿ ತೂರಿಸಿ ಚಿಲಕ ಎತ್ತುವುದು, ಮನೆಯವರು ಕಳೆದುಕೊಂಡ ಬೀಗದ ಕೈ ಸಿಕ್ಕಿದಾಗ ಅದರಿಂದ ಬಾಗಿಲು ತೆರೆಯುವುದು, ಇವೆಲ್ಲ ಅಲ್ಲಿದ್ದವು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ವಿವರಣೆ ೩೩೦ನೆಯ ಕಲಮಿನಲ್ಲಿದೆ. ಕಳವಿನ ಉದ್ದೇಶದಿಂದ ರಾತ್ರಿ ಕನ್ನ ಹಾಕಿದವನಿಗೆ ೩೩೧ನೆಯ ಕಲಮಿನಂತೆ ೧೪ ವರ್ಷಗಳವರೆಗೆ ಶಿಕ್ಷೆಯಾಗಬಹುದು. ನೂರಾ ಅರವತ್ತು ವರ್ಷಗಳಲ್ಲಿ ಬೀಗಗಳು ಬದಲಾದವು, ದಾರಿಗಳು ಬದಲಾಗಲಿಲ್ಲ.

ನಮ್ಮ ಮನೆಗಳ ದುರ್ಬಲ ಸ್ಥಳಗಳು

೧. ಮುಂಬಾಗಿಲು: ಸಾಗುವಾನಿ ಬಾಗಿಲಿಗೆ ದುಡ್ಡು ಸುರಿದು, ಬೀಗದ ಕೊಂಡಿಯನ್ನು ಮಾತ್ರ ಅರ್ಧ ಅಂಗುಲದ ತಿರುಪುಗಳಿಂದ ಕೂಡಿಸಿರುತ್ತೇವೆ. ಕಳ್ಳನು ಬೀಗ ಒಡೆಯುವುದಿಲ್ಲ, ಸಣ್ಣ ಹಾರೆಯಿಂದ ಕೊಂಡಿಯನ್ನೇ ಮೀಟುತ್ತಾನೆ. ಅಲ್ಲದೆ ಹೊರಗೆ ತೂಗುವ ಬೀಗ ‘ಮನೆಯಲ್ಲಿ ಯಾರೂ ಇಲ್ಲ’ ಎಂಬ ಫಲಕವಿದ್ದಂತೆ.

೨. ಹಿತ್ತಲ ಬಾಗಿಲು: ಮುಂದೆ ಸಾಗುವಾನಿ, ಹಿಂದೆ ತೆಳುವಾದ ಹಲಗೆ. ಹೊರಮುಖವಾಗಿ ತೆರೆಯುವ ಬಾಗಿಲಾದರೆ ಅದರ ಕೀಲುಗಳೂ ಹೊರಗೇ ಇರುತ್ತವೆ. ಕೀಲಿನ ಮೊಳೆ ಎಳೆದರೆ ಬೀಗ ಹಾಕಿದ್ದರೂ ಬಾಗಿಲು ಕಳಚಿ ಬರುತ್ತದೆ.

೩. ಕಿಟಕಿಗಳು: ಬಾಗಿಲ ಪಕ್ಕದ ಕಿಟಕಿ ತೆರೆದಿದ್ದರೆ ಕೈ ತೂರಿಸಿ ಒಳಗಿನ ಚಿಲಕ ತೆಗೆಯಬಹುದು. ಸರಳಿನ ಚೌಕಟ್ಟನ್ನು ಹೊರಗಡೆಯಿಂದ ತಿರುಪು ಹಾಕಿ ಕೂಡಿಸಿದ್ದರೆ ಹೊರಗಡೆಯಿಂದಲೇ ಬಿಚ್ಚಬಹುದು. ಪಕ್ಕಕ್ಕೆ ಜರುಗುವ ಅಲ್ಯೂಮಿನಿಯಂ ಕಿಟಕಿಯ ಗಾಜನ್ನು ಅನೇಕ ಕಡೆ ಮೇಲಕ್ಕೆತ್ತಿ ಕಳಚಬಹುದು. ಬಚ್ಚಲು ಮನೆಯ ಗಾಜಿನ ಪಟ್ಟಿಗಳನ್ನು ಸದ್ದಿಲ್ಲದೆ ಒಂದೊಂದಾಗಿ ಎಳೆದಿಡಬಹುದು.

೪. ಮೇಲಿನ ದಾರಿ: ಹಳೆಯ ಪೇಟೆಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಒಂದು ಮಾಳಿಗೆ ಹತ್ತಿದವನು ಹಲವು ಮನೆ ದಾಟಬಲ್ಲ. ಹೆಂಚು ಸರಿಸುವುದು ಕಷ್ಟವಲ್ಲ. ಹೊಸ ಮನೆಗಳಲ್ಲಿ ಮೆಟ್ಟಿಲ ಕೋಣೆಯ ತಗಡಿನ ಬಾಗಿಲಿಗೆ ಒಂದೇ ಚಿಲಕ. ನೀರಿನ ಕೊಳವೆ, ಕಾಂಪೌಂಡಿಗೆ ಒರಗಿಸಿಟ್ಟ ಏಣಿ, ಅಡಿಕೆ ಕೀಳುವ ದೋಟಿ ಇವೆಲ್ಲ ಅವನಿಗೆ ನಾವೇ ಒದಗಿಸಿದ ಸಾಮಾನು.

೫. ಬೀಗದ ಕೈ: ಹೂವಿನ ಕುಂಡದ ಕೆಳಗೆ, ಚಪ್ಪಲಿಯೊಳಗೆ, ಬಾಗಿಲ ಚೌಕಟ್ಟಿನ ಮೇಲೆ. ಈ ಮೂರು ಸ್ಥಳಗಳು ಯಾರಿಗೂ ಗುಟ್ಟಲ್ಲ.

ಬೀದಿಯ ಕಣ್ಣು

ಒಂದು ಕಾಲಕ್ಕೆ ದಾವಣಗೆರೆಯ ಹತ್ತಿ ಗಿರಣಿಗಳಿಂದ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಿಂದ ರಾತ್ರಿ ಪಾಳಿ ಮುಗಿಸಿ ಬರುವವರು ಬೀದಿಯಲ್ಲಿರುತ್ತಿದ್ದರು. ಕಟ್ಟೆಯ ಮೇಲೆ ಹಿರಿಯರು ಮಲಗುತ್ತಿದ್ದರು. ಗಿರಣಿಗಳು ಬಹುಮಟ್ಟಿಗೆ ಮುಚ್ಚಿದವು, ಕಿರ್ಲೋಸ್ಕರ್ ಕೂಡ ನಿಂತಿತು, ಕಟ್ಟೆಗಳ ಜಾಗಕ್ಕೆ ಎತ್ತರದ ಕಾಂಪೌಂಡುಗಳು ಬಂದವು. ಎತ್ತರದ ಕಾಂಪೌಂಡು ನಮಗೆ ಮರೆ, ಒಮ್ಮೆ ಒಳಗೆ ಇಳಿದ ಕಳ್ಳನಿಗೂ ಮರೆ. ಆದುದರಿಂದ ಪಕ್ಕದ ಮನೆಯವರೊಡನೆ ಮಾತಿರಲಿ. ಊರಿಗೆ ಹೋಗುವಾಗ ಅವರಿಗೂ, ಬೀಟ್ ಪೊಲೀಸರಿಗೂ ತಿಳಿಸಿ ಹೋಗುವುದು ಒಳ್ಳೆಯದು. ಬಾಗಿಲಲ್ಲಿ ಬಿದ್ದ ಪತ್ರಿಕೆ, ಹಾಲಿನ ಪೊಟ್ಟಣ, ಹಗಲೂ ಉರಿಯುವ ದೀಪ, ಗುಡಿಸದ ಅಂಗಳ ಎಲ್ಲವೂ ಖಾಲಿ ಮನೆಯ ಗುರುತು. ಜಾತ್ರೆಗೋ ಮದುವೆಗೋ ಹೊರಟ ಸಂಗತಿಯನ್ನು ಹಿಂದಿರುಗುವ ಮೊದಲೇ ಮೊಬೈಲಿನಲ್ಲಿ ಚಿತ್ರಸಹಿತ ಊರಿಗೆಲ್ಲ ಸಾರುವುದೂ ಬೇಡ.

ಏನು ಮಾಡಬೇಕು

ಕಳ್ಳನಿಗೆ ಬೇಕಾದದ್ದು ಮರೆ, ಸಮಯ, ಸದ್ದಿಲ್ಲದ ಕೆಲಸ. ಯಾವ ಬೀಗವೂ ಶಾಶ್ವತವಾಗಿ ತಡೆಯಲಾರದು. ಅವನಿಗೆ ಹೆಚ್ಚು ಹೊತ್ತು ಹಿಡಿಯುವಂತೆ, ಹೆಚ್ಚು ಸದ್ದಾಗುವಂತೆ ಮಾಡುವುದೇ ನಮ್ಮ ಉಪಾಯ.

ಕೊಂಡಿಗೆ ಉದ್ದ ತಿರುಪು ಅಥವಾ ಬಾಗಿಲು ದಾಟಿ ಒಳಗೆ ಬಿಗಿಯುವ ಬೋಲ್ಟು ಹಾಕಿಸಬೇಕು. ಹಿತ್ತಲ ಬಾಗಿಲಿಗೆ ನಮ್ಮ ಹಿರಿಯರು ಬಳಸುತ್ತಿದ್ದ ಅಡ್ಡ ಅಗಳಿಗಿಂತ ಅಗ್ಗವಾದ ಭದ್ರತೆ ಇನ್ನೊಂದಿಲ್ಲ. ಕಿಟಕಿಯ ಸರಳುಗಳು ಗೋಡೆಯೊಳಗೆ ಹೂತಿರಬೇಕು. ಜರುಗುವ ಕಿಟಕಿಯ ಹಳಿಯಲ್ಲಿ ಒಂದು ಕಟ್ಟಿಗೆ ತುಂಡಿಟ್ಟರೆ ಅದು ಸರಿಯುವುದಿಲ್ಲ, ಮೇಲಿನ ಹಳಿಯಲ್ಲಿ ಸಣ್ಣ ತಿರುಪು ಹಾಕಿಸಿದರೆ ಗಾಜನ್ನು ಎತ್ತಲಾಗುವುದಿಲ್ಲ. ಹೊರಗಿನ ಕೀಲುಗಳ ಮೊಳೆಯನ್ನು ಬೆಸುಗೆ ಹಾಕಿಸಬೇಕು. ಏಣಿ, ದೋಟಿ, ಹಾರೆಗಳು ರಾತ್ರಿ ಒಳಗಿರಲಿ. ಬಾಡಿಗೆಯವರು ಬಿಟ್ಟುಹೋದಾಗ ಬೀಗ ಬದಲಾಯಿಸಬೇಕು. ಬೇಸಿಗೆಯಲ್ಲಿ ಗಾಳಿಗೆಂದು ಕಿಟಕಿ ತೆರೆದು ಮಲಗುವವರು ಸರ, ಮೊಬೈಲು, ಅಂಗಿಗಳನ್ನು ಕಿಟಕಿಯಿಂದ ದೂರವಿಡಬೇಕು. ಉದ್ದನೆಯ ಕೋಲು ಸರಳಿನ ಸಂದಿನಲ್ಲಿ ಸುಲಭವಾಗಿ ಬರುತ್ತದೆ.

ಒಂದು ಎಚ್ಚರಿಕೆ. ಎಲ್ಲ ಕಿಟಕಿಗೂ ಸರಳು, ಎಲ್ಲ ಬಾಗಿಲಿಗೂ ಬೀಗ ಹಾಕಿ, ಬೀಗದ ಕೈ ಎಲ್ಲಿದೆಯೆಂದು ಮನೆಯವರಿಗೇ ತಿಳಿಯದಂತೆ ಮಾಡಬಾರದು. ಬೆಂಕಿ ಬಿದ್ದರೆ ಅದೇ ಮನೆ ಬೋನಾಗುತ್ತದೆ. ಒಳಗಿನಿಂದ ತಕ್ಷಣ ತೆರೆಯಬಹುದಾದ ಎರಡನೆಯ ದಾರಿಯೊಂದು ಇರಲೇಬೇಕು, ಅದು ಮಕ್ಕಳಿಗೂ ಮುದುಕರಿಗೂ ಗೊತ್ತಿರಬೇಕು.

ನ್ಯಾಮತಿಯ ಸುದ್ದಿ ಕೇಳಿ ಚಿನ್ನವನ್ನು ಮನೆಗೆ ತರುವುದು ಜಾಣತನವಲ್ಲ. ೨೦೨೨ರ ಜನವರಿಯಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಬಾಡಿಗೆ ಲಾಕರಿನಲ್ಲಿಟ್ಟ ವಸ್ತು ಕಳವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ೧೦೦ ಪಟ್ಟಿನವರೆಗೆ ಇರುತ್ತದೆ. ಇದು ಚಿನ್ನದ ಪೂರ್ತಿ ಬೆಲೆಗೆ ಸಮನಾಗದಿರಬಹುದು, ಆದರೆ ಮನೆಯ ಬೀರುವಿನಲ್ಲಿ ಅಷ್ಟೂ ಇಲ್ಲ. ಒಡವೆಗಳ ಚಿತ್ರ, ತೂಕ, ರಸೀದಿಗಳನ್ನು ಬೇರೆಡೆ ಇಟ್ಟುಕೊಂಡರೆ, ಸಿಕ್ಕ ಮಾಲು ನಮ್ಮದೆಂದು ಗುರುತಿಸಲು ನೆರವಾಗುತ್ತದೆ.

ರಾತ್ರಿ ಸದ್ದು ಕೇಳಿದರೆ ದೀಪ ಹಾಕಿ, ಕೂಗಿ, ೧೧೨ಕ್ಕೆ ಫೋನ್ ಮಾಡಿ. ಓಡುವವನ ದಾರಿಗೆ ಅಡ್ಡ ನಿಲ್ಲಬೇಡಿ. ಹೋದ ಒಡವೆ ಮತ್ತೆ ಸಂಪಾದಿಸಬಹುದು, ಪ್ರಾಣವನ್ನಲ್ಲ. ಕಳವಾದ ಮನೆಯಲ್ಲಿ ಪೊಲೀಸರು ಬರುವವರೆಗೆ ಬೀರು, ಚಿಲಕ ಮುಟ್ಟಬೇಡಿ, ನೆಲ ಗುಡಿಸಬೇಡಿ.

ಅಭ್ಯಾಸ

ಸದಸ್ಯರು ಇಂದು ಸಂಜೆ ಒಮ್ಮೆ ತಮ್ಮ ಮನೆಯನ್ನು ಹೊರಗಡೆಯಿಂದ ಸುತ್ತಿ ಬಂದು ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕೆಂದು ಕೋರುತ್ತೇವೆ. ಬೀಗದ ಕೈ ಮರೆತು ಹೊರಗುಳಿದರೆ ನಾವು ಯಾವ ದಾರಿಯಿಂದ ಒಳಗೆ ಹೋಗುತ್ತೇವೆ? ಅದಕ್ಕೆ ಎಷ್ಟು ನಿಮಿಷ ಹಿಡಿಯುತ್ತದೆ? ಯಾರು ನೋಡುತ್ತಾರೆ? ನಮಗೆ ಸುಲಭವಾಗಿ ತೋರುವ ಆ ದಾರಿಯೇ ನಮ್ಮ ಮನೆಯ ದಿಡ್ಡಿ. ರಿಪೇರಿ ಅಲ್ಲಿಂದಲೇ ಪ್ರಾರಂಭವಾಗಲಿ.