ಮನೆಯ ವೈಫೈ: ಬೀಗದ ಕೈ ಯಾರ ಹತ್ತಿರ ಇದೆ?



ಕಳೆದ ತಿಂಗಳು ಒಂದು ಸಂಘದ ಸಭೆಗೆ ಹೋಗಿದ್ದೆವು. ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆಯುವ ಸದಸ್ಯೆ, "ಸಿಸ್ಟರ್, ನೆಟ್ ಹೋಗಿದೆ, ಇವತ್ತು ಪ್ರಿಂಟ್ ತೆಗೆಯೋಕೆ ಆಗಲ್ಲ" ಅಂದರು. ಪ್ರಿಂಟರ್ ಪಕ್ಕದ ಕೋಣೆಯಲ್ಲೇ ಇತ್ತು. "ಒತ್ತಿ ನೋಡಿ" ಅಂದೆವು. ಹಾಳೆ ಬಂತು! ಎಲ್ಲರಿಗೂ ಆಶ್ಚರ್ಯ.

ವೈಫೈ ಬೇರೆ, ಇಂಟರ್‌ನೆಟ್ ಬೇರೆ. ರೂಟರ್ ಎಂಬ ಪೆಟ್ಟಿಗೆ ಮನೆಯೊಳಗಿನ ಫೋನು, ಕಂಪ್ಯೂಟರು, ಪ್ರಿಂಟರುಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಹೊರಗಿನ ಪ್ರಪಂಚಕ್ಕೆ ಬಾಗಿಲೂ ಅದೇ. ಊರಿನ ರಸ್ತೆ ಮುಚ್ಚಿದರೂ ಅಡುಗೆಮನೆಯಿಂದ ಜಗಲಿಗೆ ಹೋಗಬಹುದಲ್ಲ, ಹಾಗೆ.

ಈ ಪೆಟ್ಟಿಗೆ ಪ್ರತಿಯೊಂದು ಸಾಧನಕ್ಕೂ ಒಂದು ನಂಬರ್ ಕೊಡುತ್ತದೆ. ಅದಕ್ಕೆ ಐಪಿ ವಿಳಾಸ ಅಂತಾರೆ. ಹೆಚ್ಚಿನ ಮನೆಗಳಲ್ಲಿ ಅದು 192.168 ಎಂದು ಶುರುವಾಗುತ್ತದೆ. ರೂಟರಿನದು 192.168.1.1 ಆದರೆ ನಿಮ್ಮ ಫೋನಿನದು 192.168.1.5 ಇರಬಹುದು. ಪಕ್ಕದ ಮನೆಯಲ್ಲೂ ಇದೇ ನಂಬರ್ ಇದ್ದರೆ ಗೊಂದಲವಿಲ್ಲ. ಎಲ್ಲರ ಮನೆಯಲ್ಲೂ "ಅಕ್ಕ" ಅಂತ ಒಬ್ಬರು ಇರುವುದಿಲ್ಲವೇ? ಮನೆಯೊಳಗೆ ಮಾತ್ರ ನಡೆಯುವ ಹೆಸರು ಅದು.

ರೂಟರನ್ನು ಕಬ್ಬಿಣದ ಕಪಾಟಿನ ಹಿಂದೆ, ನೆಲದ ಮೇಲೆ ಇಡಬೇಡಿ. ಮನೆಯ ನಡುವೆ, ಎತ್ತರದಲ್ಲಿರಲಿ. ಎರಡು ಹೆಸರಿನ ವೈಫೈ ಕಂಡರೆ 5 ಗಿಗಾಹರ್ಟ್ಸ್‌ನದು ವೇಗ, ಆದರೆ ಗೋಡೆ ದಾಟುವುದರಲ್ಲಿ 2.4 ಮೇಲು.

ಈಗ ಮುಖ್ಯ ವಿಷಯ. ರೂಟರಿಗೆ ಎರಡು ಪಾಸ್‌ವರ್ಡ್ ಇರುತ್ತವೆ. ಒಂದು, ವೈಫೈಗೆ ಸೇರಲು. ಇನ್ನೊಂದು, ರೂಟರನ್ನೇ ತೆರೆದು ಬದಲಾಯಿಸಲು. ಎರಡನೆಯದು ಇದೆ ಅಂತಲೇ ಬಹಳ ಮಂದಿಗೆ ಗೊತ್ತಿಲ್ಲ. ನಮಗೂ ಗೊತ್ತಿರಲಿಲ್ಲ, ಸುಳ್ಳು ಯಾಕೆ ಹೇಳಬೇಕು! ಜೋಡಿಸಲು ಬಂದ ಹುಡುಗ "ಅಡ್ಮಿನ್" ಅಂತಲೇ ಬಿಟ್ಟು ಹೋಗಿದ್ದ. ವೈಫೈ ಪಾಸ್‌ವರ್ಡನ್ನು ನಾವೇ ಕಚೇರಿಯ ಗೋಡೆಗೆ ಅಂಟಿಸಿದ್ದೆವು. ಒಂದು ದಿನ ತೆರೆದು ನೋಡಿದರೆ ಐದು ಜನರ ಕಚೇರಿಯಲ್ಲಿ ಹನ್ನೆರಡು ಫೋನು!

ಬರೀ ನೆಟ್ ಖರ್ಚಾಗುವುದಲ್ಲ ಚಿಂತೆ. ಎರಡನೆಯ ಬೀಗ ತೆರೆದವರು, ನಾವು ಬ್ಯಾಂಕಿನ ಹೆಸರು ಹಾಕಿದರೂ ನಕಲಿ ಪುಟಕ್ಕೆ ಕಳುಹಿಸಲು ಪ್ರಯತ್ನಿಸಬಹುದು. ಸಂಘದ ಉಳಿತಾಯ ಇರುವುದು ಆ ಖಾತೆಯಲ್ಲೇ ತಾನೆ? "ಈ ಪುಟ ಸುರಕ್ಷಿತವಲ್ಲ" ಎಂದು ಬಂದರೆ ಮುಂದುವರಿಯಬೇಡಿ.

ಮಾಡುವುದು ಹೀಗೆ: ವೈಫೈಗೆ ಸೇರಿದ ಫೋನಿನ ಬ್ರೌಸರಿನಲ್ಲಿ, ರೂಟರಿನ ಅಡಿಯ ಚೀಟಿಯಲ್ಲಿರುವ ವಿಳಾಸ ಹಾಕಿ. ಚೀಟಿಯಲ್ಲಿರುವ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ ಎರಡನ್ನೂ ಬದಲಾಯಿಸಿ. ಮಗಳೋ ಸೊಸೆಯೋ ಜೊತೆಗಿರಲಿ, ಆದರೆ ಬೆರಳು ನಿಮ್ಮದೇ ಇರಲಿ. ಭದ್ರತೆ ಎಂಬಲ್ಲಿ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇರಬೇಕು. ಡಬ್ಲ್ಯೂಇಪಿ ಹಳೆಯದು, ಸುಲಭವಾಗಿ ಒಡೆಯುತ್ತದೆ. ಹೊಸ ಪಾಸ್‌ವರ್ಡನ್ನು ಸಂಘದ ಪುಸ್ತಕದಲ್ಲಲ್ಲ, ಮನೆಯ ಪೆಟ್ಟಿಗೆಯಲ್ಲಿ ಬರೆದಿಡಿ.

ರೂಟರಿನ ಹಿಂದಿನ ಸಣ್ಣ ತೂತಿಗೆ ಮಾತ್ರ ಸುಮ್ಮನೆ ಪಿನ್ನು ಹಾಕಬೇಡಿ. ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಕಂಪನಿಯವರು ತುಂಬಿದ ಸಂಪರ್ಕದ ವಿವರವೂ ಅಳಿಸಿಹೋಗಬಹುದು. ನಾವು ಹಾಗೆ ಮಾಡಿ ಎರಡು ದಿನ ನೆಟ್ ಇಲ್ಲದೆ ಕೂತಿದ್ದೆವು.