ಮುಳ್ಳು ಏರಿದೆ, ನೀರು ಬರುತ್ತಿಲ್ಲ

ಪ್ರಶ್ನೆ: ಮಂಡ್ಯದ ಹೊರವಲಯದಲ್ಲಿರುವ ನಮ್ಮ ಮನೆಯಲ್ಲಿ ಚಿಕ್ಕದೊಂದು ಈಜುಕೊಳವಿದೆ. ಒಂದು ಎಚ್‌ಪಿ ಪಂಪ್, ಸ್ಯಾಂಡ್ ಫಿಲ್ಟರ್. ಪಂಪಿನ ಹತ್ತಿರದ ಇನ್‌ಲೆಟ್‌ನಲ್ಲಿ ನೀರು ಚೆನ್ನಾಗಿ ಬರುತ್ತದೆ, ಆಚೆ ತುದಿಯದರಲ್ಲಿ ಕೈಯಿಟ್ಟರೂ ತಿಳಿಯದಷ್ಟು ಮಂದ. ಆ ಮೂಲೆಯಲ್ಲಿ ಪಾಚಿ ಕಟ್ಟುತ್ತಿದೆ. ಗೇಜ್ ಮಾತ್ರ 25 ಪಿಎಸ್‌ಐ ತೋರಿಸುತ್ತಿದೆ. ಹೊಸದರಲ್ಲಿ 12 ಇತ್ತು. ಎರಡು ಎಚ್‌ಪಿ ಪಂಪ್ ಹಾಕಿಸಿ ಎನ್ನುತ್ತಾರೆ ಪ್ಲಂಬರ್. ಬೇಸಿಗೆ ರಜೆಗೆ ಮೊಮ್ಮಕ್ಕಳು ಬರುತ್ತಾರೆ. ಏನು ಮಾಡಲಿ?

ಉತ್ತರ: ಪಂಪ್ ಬದಲಿಸಬೇಡಿ. ಕಾಯಿಲೆ ಪಂಪಿನದಲ್ಲ.

ಗೇಜ್ ಏರಿದರೆ ನೀರಿಗೆ ಬಲ ಬಂದಿದೆ ಎಂದು ಬಹಳಷ್ಟು ಜನ ತಿಳಿಯುತ್ತಾರೆ. ಅದು ತೋರಿಸುವುದು ಅಲ್ಲಿಂದ ಮುಂದಕ್ಕೆ ನೀರಿಗೆ ಎಷ್ಟು ತಡೆ ಇದೆ ಎಂಬುದನ್ನು. ಮರಳಿನಲ್ಲಿ ಕೊಳೆ ತುಂಬಿದಷ್ಟೂ ಮುಳ್ಳು ಏರುತ್ತದೆ, ಹರಿವು ಇಳಿಯುತ್ತದೆ. ಫಿಲ್ಟರ್ ಶುಚಿಯಾಗಿದ್ದಾಗಿನ ಅಂಕಿಗಿಂತ 8ರಿಂದ 10 ಪಿಎಸ್‌ಐ ಹೆಚ್ಚಾದರೆ ಬ್ಯಾಕ್‌ವಾಶ್ ಮಾಡುವುದು ರೂಢಿ. ನಿಮ್ಮದು 13 ಏರಿದೆ. ಮೊದಲು ಪಂಪ್ ಆಫ್ ಮಾಡಿ, ಆಮೇಲೆ ವಾಲ್ವಿನ ಹಿಡಿ ತಿರುಗಿಸಿ. ಪಂಪ್ ಓಡುವಾಗ ತಿರುಗಿಸಿದರೆ ಒಳಗಿನ ಗ್ಯಾಸ್ಕೆಟ್ ಹಾಳಾಗುತ್ತದೆ. ಗಾಜಿನ ಕಿಂಡಿಯಲ್ಲಿ ಕೆಸರುನೀರು ಹೋಗಿ ತಿಳಿಯಾಗುವವರೆಗೆ ಬಿಡಿ, ನಂತರ ಅರ್ಧ ನಿಮಿಷ ರಿನ್ಸ್. ಶುಚಿಯಾದ ಮೇಲೆ ಬಂದ ಅಂಕಿಯನ್ನು ಫಿಲ್ಟರ್ ಮೈಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ಮುಂದೆ ಮುಳ್ಳು ಅದಕ್ಕಿಂತಲೂ ಕೆಳಗಿಳಿದರೆ ತೊಂದರೆ ಪಂಪಿನ ಹಿಂದಿದೆ: ಬುಟ್ಟಿಯಲ್ಲಿ ಎಲೆ ಕಟ್ಟಿಕೊಂಡಿರಬಹುದು, ಇಲ್ಲವೇ ಸಡಿಲ ಜಾಯಿಂಟಿನಿಂದ ಪಂಪ್ ಗಾಳಿ ಎಳೆಯುತ್ತಿರಬಹುದು. ಗಾಳಿಯಾದರೆ ಇನ್‌ಲೆಟ್‌ಗಳಲ್ಲಿ ಗುಳ್ಳೆ ಬರುತ್ತದೆ.

ದೂರದ ಇನ್‌ಲೆಟ್‌ನ ಕಥೆ ಬೇರೆ. ನಾಲೆಯ ಕೊನೆ ಭಾಗದ ಗದ್ದೆಗೆ ನೀರು ತಲುಪದ ಕಷ್ಟ ನಿಮ್ಮ ಜಿಲ್ಲೆಯವರಿಗೆ ನಾನು ಹೇಳಬೇಕಿಲ್ಲ. ಮೇಲಿನ ತೂಬು ಪೂರ್ತಿ ತೆರೆದಿದ್ದರೆ ಕೆಳಗಿನವರಿಗೆ ಉಳಿಯುವುದು ಅಷ್ಟಕ್ಕಷ್ಟೇ. ಇನ್‌ಲೆಟ್ ಬಾಯಿಗೆ ಕೂರಿಸುವ ನಳಿಕೆಗಳು ಬೇರೆ ಬೇರೆ ತೂತಿನ ಅಳತೆಯಲ್ಲಿ ಸಿಗುತ್ತವೆ. ಹತ್ತಿರದ್ದಕ್ಕೆ ಸಣ್ಣ ತೂತು, ದೂರದ್ದಕ್ಕೆ ದೊಡ್ಡ ತೂತು ಹಾಕಿಸಿ. ಖರ್ಚು ಪಂಪಿಗೆ ಹೋಲಿಸಿದರೆ ಏನೂ ಅಲ್ಲ.

ದೊಡ್ಡ ಪಂಪ್ ಹಾಕಿಸಿದರೆ? ಅದೇ ಪೈಪಿನಲ್ಲಿ ಹರಿವು ದುಪ್ಪಟ್ಟಾದರೆ ತಿಕ್ಕಾಟದಲ್ಲಿ ಕಳೆದುಹೋಗುವ ಒತ್ತಡ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಕರೆಂಟು ಪೈಪಿಗೆ ಸುರಿದಂತೆ. ಆದರೆ ನನ್ನನ್ನು ಹೆದರಿಸುವುದು ಬಿಲ್ಲಲ್ಲ, ಕೊಳದ ತಳದ ಡ್ರೇನ್. ಒಂದೇ ಡ್ರೇನ್ ಇದ್ದು, 20 ಸೆಂ.ಮೀ. ಚೌಕದ ಅದರ ಬಾಯನ್ನು ಮಗುವಿನ ಮೈ ಪೂರ್ತಿ ಮುಚ್ಚಿತೆನ್ನಿ. ಎಳೆತ 0.3 ಬಾರ್ ಇದ್ದರೂ ಹಿಡಿದಿಡುವ ಬಲ ಸುಮಾರು 120 ಕೆ.ಜಿ. ಅಷ್ಟು ಬಲದ ವಿರುದ್ಧ ಮಗುವನ್ನು ಎಳೆದು ಬಿಡಿಸಲು ದೊಡ್ಡವರಿಗೂ ಕಷ್ಟ. ಅಮೆರಿಕದಲ್ಲಿ 2002ರಲ್ಲಿ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಹುಡುಗಿ ಬಿಸಿನೀರಿನ ತೊಟ್ಟಿಯ ಡ್ರೇನ್‌ಗೆ ಹೀಗೆ ಸಿಕ್ಕಿಬಿದ್ದು ತೀರಿಕೊಂಡಳು. ಡ್ರೇನ್ ಮುಚ್ಚಳಗಳ ಸುರಕ್ಷತೆಗೆ 2007ರಲ್ಲಿ ಬಂದ ಕಾನೂನಿಗೆ ಅವಳದೇ ಹೆಸರಿದೆ.

ಆದ್ದರಿಂದ ಮೊಮ್ಮಕ್ಕಳು ಬರುವ ಮೊದಲು ಪ್ಲಂಬರ್ ಕೈಯಲ್ಲಿ ಈ ಕೆಲಸ ಮಾಡಿಸಿ. ತಳದಲ್ಲಿ ಡ್ರೇನ್ ಎಷ್ಟಿವೆ, ಉಬ್ಬು ಮುಚ್ಚಳ ಇದೆಯೇ, ಅದರ ಸ್ಕ್ರೂ ಎಲ್ಲ ಬಿಗಿಯಾಗಿವೆಯೇ ನೋಡಿಸಿ. ಡ್ರೇನ್ ಒಂದೇ ಇದ್ದರೆ ಮಕ್ಕಳು ನೀರಿನಲ್ಲಿರುವಾಗ ಅದರ ವಾಲ್ವ್ ಮುಚ್ಚಿ, ಸ್ಕಿಮ್ಮರ್‌ನಿಂದಷ್ಟೇ ಪಂಪ್ ಓಡಿಸಿ. ಇಲ್ಲವೇ ಪಂಪನ್ನೇ ನಿಲ್ಲಿಸಿ. ಪಂಪಿನ ಸ್ವಿಚ್ ಎಲ್ಲಿದೆಯೆಂದು ಮನೆಯ ಎಲ್ಲರಿಗೂ ತೋರಿಸಿಡಿ. ಮುಚ್ಚಳ ಬಿರುಕು ಬಿಟ್ಟಿದ್ದರೆ ಹೊಸದು ಕೂರಿಸುವವರೆಗೆ ಯಾರನ್ನೂ ನೀರಿಗಿಳಿಸಬೇಡಿ.